ಎರಡನೇ ಡಿಕಾಕ್ಷನ್

ನಮ್ಮ ಮನೆಯ ಫ್ರೀಜರಿನಲ್ಲಿ ಐಸಿನ ಟ್ರೇ ಎರಡಿವೆ. ಒಂದರಲ್ಲಿ ನೀರು, ಇನ್ನೊಂದರಲ್ಲಿ ಕಾಫಿ. ಶಿವರಾತ್ರಿ ಕಳೆದು ಬಿಸಿಲು ಏರಿತೆಂದರೆ ಕಾಫಿಯ ಟ್ರೇ ಖಾಲಿಯಾಗಲು ನಾನು ಬಿಡುವುದಿಲ್ಲ. ಮನೆಗೆ ಬಂದವರು ಆ ಕಂದು ಬಿಲ್ಲೆಗಳನ್ನು ಕಂಡು ಹುಣಸೆ ರಸವೋ, ಬೆಲ್ಲದ ಪಾಕವೋ ಎಂದು ಕೇಳುತ್ತಾರೆ. ಡಿಕಾಕ್ಷನ್ ಎನ್ನುತ್ತೇನೆ, ಅದರಲ್ಲೂ ಎರಡನೇ ಡಿಕಾಕ್ಷನ್.

ಫಿಲ್ಟರ್ ಕಾಫಿಯ ಮನೆಯಲ್ಲಿ ಬೆಳೆದವರಿಗೆ ಈ ಮಾತಿನ ತೂಕ ಗೊತ್ತಿದೆ. ಹಿತ್ತಾಳೆ ಫಿಲ್ಟರಿನ ಮೇಲಿನ ಪಾತ್ರೆಗೆ ಪುಡಿ ಹಾಕಿ ಕುದಿನೀರು ಹೊಯ್ದರೆ ತೊಟ್ಟುತೊಟ್ಟಾಗಿ ಇಳಿಯುವುದು ಮೊದಲನೆಯದು. ಗಟ್ಟಿ, ಕಪ್ಪು, ಮೇಲೆ ಸಣ್ಣ ಎಣ್ಣೆಯ ಹೊಳಪು. ಅದು ಅಪ್ಪನಿಗೆ, ನೆಂಟರಿಗೆ, ಹಬ್ಬಕ್ಕೆ. ಅದೇ ಚರಟದ ಮೇಲೆ ಮತ್ತೊಮ್ಮೆ ನೀರು ಹೊಯ್ದು ಇಳಿಸಿದ್ದು ಎರಡನೆಯದು. ಅದರಲ್ಲಿ ಬಣ್ಣ ಇರುತ್ತದೆ, ಕಹಿ ಇರುತ್ತದೆ, ಘಮ ಮಾತ್ರ ಮೊದಲನೆಯದರ ಜೊತೆಗೇ ಇಳಿದು ಹೋಗಿರುತ್ತದೆ. ಅದು ಅಮ್ಮನಿಗೆ. ಎಲ್ಲರದೂ ಆದ ಮೇಲೆ, ಒಲೆಯ ಪಕ್ಕ ನಿಂತುಕೊಂಡೇ, ಉಳಿದ ಹಾಲು ಬೆರೆಸಿ ಅಮ್ಮ ಕುಡಿಯುತ್ತಿದ್ದಳು. ನನ್ನ ಬಾಲ್ಯದಲ್ಲಿ ಅವಳು ಮೊದಲನೇ ಡಿಕಾಕ್ಷನ್ನಿನ ಕಾಫಿ ಕುಡಿದದ್ದನ್ನು ನಾನು ನೋಡಿಲ್ಲ.

ನಾನು ಹುಟ್ಟಿದ್ದು ಸಕಲೇಶಪುರದ ಕಡೆಯ ಒಂದು ಕಾಫಿ ತೋಟದಲ್ಲಿ. ಅಪ್ಪ ಅಲ್ಲಿ ರೈಟರು. ಹಾಜರಿ ಪುಸ್ತಕ ಬರೆಯುವುದು, ವಾರದ ಬಟವಾಡೆ ಎಣಿಸುವುದು, ಕೊಯ್ಲಿನ ಕಾಲಕ್ಕೆ ಸಂಜೆ ಕಣದಲ್ಲಿ ನಿಂತು ಹಣ್ಣಿನ ಚೀಲ ತೂಗಿಸುವುದು ಅವರ ಕೆಲಸ. ಸುತ್ತ ಕಣ್ಣು ಹೋದಷ್ಟು ದೂರ ಕಾಫಿ ಗಿಡ. ಮಾರ್ಚಿನಲ್ಲೋ ಏಪ್ರಿಲಿನಲ್ಲೋ ಹೂಮಳೆ ಬಿದ್ದು ಹತ್ತು ದಿನಕ್ಕೆ ತೋಟಕ್ಕೆ ತೋಟವೇ ಬೆಳ್ಳಗೆ ಅರಳಿ, ಮಲ್ಲಿಗೆಯ ಹತ್ತಿರದ ಒಂದು ವಾಸನೆ ಮನೆಯೊಳಗೆ ನುಗ್ಗುತ್ತಿತ್ತು. ಆದರೂ ನಮ್ಮ ಡಬ್ಬಿಯಲ್ಲಿ ಇರುತ್ತಿದ್ದದ್ದು ಬಡ ಕಾಫಿ. ಬೆಳೆದದ್ದನ್ನೆಲ್ಲ ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಬೇಕಾಗಿದ್ದ ಕಾಲ ಅದು. ಆ ಪದ್ಧತಿ ಸಡಿಲಾಗತೊಡಗಿದ್ದು 1990ರ ದಶಕದಲ್ಲಿ, ಪೂರ್ತಿ ಮುಗಿದದ್ದು 1996ರಲ್ಲಿ. ಒಳ್ಳೆಯ ಕಾಳು ಲಾರಿ ಹತ್ತಿ ಕ್ಯೂರಿಂಗ್ ವರ್ಕ್ಸಿಗೆ ಹೋಗುತ್ತಿತ್ತು. ನಮಗೆ ಉಳಿಯುತ್ತಿದ್ದದ್ದು ನೆಲಕ್ಕೆ ಉದುರಿದ ಹಣ್ಣು, ಒಡಕಲು ಕಾಳು. ಅದನ್ನು ಅಮ್ಮ ಕಬ್ಬಿಣದ ಬಾಣಲೆಯಲ್ಲಿ ಹುರಿಯುತ್ತಿದ್ದಳು. ಹಾಲೂ ಅಷ್ಟಕ್ಕಷ್ಟೆ ಆದ್ದರಿಂದ ದಿನದಲ್ಲಿ ಒಂದು ಹೊತ್ತಾದರೂ ಬೆಲ್ಲ ಹಾಕಿದ ಕಪ್ಪು ಕಾಫಿಯೇ.

ಮಳೆಗಾಲದಲ್ಲಿ ಆ ಕಪ್ಪು ಕಾಫಿಗೆ ಇನ್ನೊಂದು ವಸ್ತು ಸೇರುತ್ತಿತ್ತು. ಜುಲೈ ತಿಂಗಳ ಜಡಿಮಳೆಯಲ್ಲಿ ಅಪ್ಪ ಕಂಬಳಿ ಕೊಪ್ಪೆಯಿಂದ ನೀರು ತೊಟ್ಟಿಕ್ಕಿಸಿಕೊಂಡು ಬಂದು ಜಗಲಿಯಲ್ಲಿ ಕೂತರೆ, ಅಮ್ಮ ಬೆಲ್ಲದ ಕಾಫಿಯ ಲೋಟವನ್ನು ಮುಂದಿಟ್ಟು ಒಳಗೆ ಹೋಗುತ್ತಿದ್ದಳು. ಅಪ್ಪ ಎದ್ದು ಹಾಜರಿ ಪುಸ್ತಕಗಳ ಹಿಂದಿನಿಂದ ಒಂದು ಸೀಸೆ ತೆಗೆದು, ಅದರ ಮುಚ್ಚಳದಲ್ಲಿ ಒಂದೇ ಒಂದು ಅಳತೆ ರಮ್ ಕಾಫಿಗೆ ಸುರಿಯುತ್ತಿದ್ದರು. ಸೋಮವಾರಪೇಟೆ ಕಡೆಯ ನಿವೃತ್ತ ಸುಬೇದಾರರೊಬ್ಬರು ಅವರಿಗೆ ವರ್ಷಕ್ಕೊಮ್ಮೆ ಕೊಡುತ್ತಿದ್ದ ಸೀಸೆ ಅದು. ಎರಡನೇ ಮುಚ್ಚಳ ಹಾಕಿದ್ದನ್ನು ನಾವು ಮಕ್ಕಳು ಕಂಡಿಲ್ಲ. ಕಾಫಿ, ಬೆಲ್ಲ, ರಮ್ ಮೂರೂ ಬಿಸಿಯಲ್ಲಿ ಸೇರಿ ಏಳುತ್ತಿದ್ದ ಹಬೆಯ ವಾಸನೆ ನನಗೆ ಈಗಲೂ ಮಳೆಯ ವಾಸನೆಯೇ. ರಮ್ ಎಂದರೆ ಕಾಕಂಬಿಯಿಂದ ಆದದ್ದು, ಕಾಕಂಬಿ ಕಬ್ಬಿನ ಹಾಲಿನದು, ಬೆಲ್ಲವೂ ಅದರದೇ. ಒಂದೇ ಗದ್ದೆಯ ಅಣ್ಣತಮ್ಮಂದಿರು ಲೋಟದಲ್ಲಿ ಮತ್ತೆ ಭೇಟಿಯಾಗುತ್ತಿದ್ದಾರೆ ಎಂದು ಆಗ ನನಗೆ ತಿಳಿದಿರಲಿಲ್ಲ.

ಈ ಬಿಸಿ ಕಾಫಿ ನನ್ನ ಮನೆಯಲ್ಲಿ ತಣ್ಣಗಾದದ್ದಕ್ಕೆ ಕಾರಣ ಬಹಳ ದೂರದ ಒಂದು ಊರು.

ಮಗಳು ನ್ಯೂ ಆರ್ಲಿಯನ್ಸಿನಲ್ಲಿ ಓದುತ್ತಿದ್ದಾಗ, 2015ರ ಬೇಸಿಗೆಯಲ್ಲಿ, ಒಂದು ತಿಂಗಳು ಅವಳ ಜೊತೆ ಇದ್ದೆ. ಮಿಸಿಸಿಪ್ಪಿ ನದಿ ಆ ಊರನ್ನು ಬಳಸಿಕೊಂಡು ಹರಿಯುತ್ತದೆ. ಗಾಳಿ ಮಂಗಳೂರಿನ ಮೇ ತಿಂಗಳಿನಂಥದ್ದು: ಒದ್ದೆ, ಭಾರ. ಮೊದಲ ದಿನ ಬೆಳಿಗ್ಗೆ ಮಗಳು ಡೆಕಟೂರ್ ಬೀದಿಯ ಕೆಫೆ ದು ಮೊಂದ್‌ಗೆ ಕರೆದುಕೊಂಡು ಹೋದಳು. 1862ರಿಂದ ಫ್ರೆಂಚ್ ಮಾರ್ಕೆಟ್ಟಿನಲ್ಲಿರುವ ಕಾಫಿ ಅಂಗಡಿ ಅದು. ಅರ್ಧ ಕಾಫಿ, ಅರ್ಧ ಬಿಸಿ ಹಾಲು, ಜೊತೆಗೆ ಸಕ್ಕರೆ ಪುಡಿಯಲ್ಲಿ ಮುಳುಗಿದ ಬೆನ್ಯೆ ಎಂಬ ಕರಿದ ತಿಂಡಿ. ಲೋಟ ಬಾಯಿಗಿಟ್ಟವಳು ಹಾಗೇ ನಿಲ್ಲಿಸಿದೆ. ಸಕಲೇಶಪುರದ ಬಸ್ ನಿಲ್ದಾಣದ ಬಳಿಯ ಕಾಫಿ ಪುಡಿ ಅಂಗಡಿ ಆ ಲೋಟದೊಳಗಿತ್ತು. ಚಿಕೋರಿ!

ಭೂಗೋಳದ ಆ ಬದಿಯಲ್ಲಿ ನಮ್ಮ ಹಾಗೆ ಚಿಕೋರಿ ಬೆರೆಸಿ ಕಾಫಿ ಕುಡಿಯುವ ಒಂದು ಊರಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಆಮೇಲೆ ಓದಿ ತಿಳಿದುಕೊಂಡೆ. ನೆಪೋಲಿಯನ್ 1806ರಲ್ಲಿ ಬ್ರಿಟನ್ನಿನ ವ್ಯಾಪಾರಕ್ಕೆ ಯುರೋಪಿನ ಬಾಗಿಲು ಮುಚ್ಚಿದಾಗ ಫ್ರಾನ್ಸಿಗೆ ಕಾಫಿ ಬರುವುದು ಕಷ್ಟವಾಯಿತು. ಅಲ್ಲಿನವರು ಚಿಕೋರಿ ಗಿಡದ ಬೇರನ್ನು ಹುರಿದು ಪುಡಿ ಮಾಡಿ ಕಾಫಿಗೆ ಬೆರೆಸಿದರು. ಫ್ರೆಂಚರ ಆ ರುಚಿ ಅವರು ಕಟ್ಟಿದ ಊರಿಗೂ ಹೋಯಿತು. ಅಮೆರಿಕದ ಅಂತರ್ಯುದ್ಧದಲ್ಲಿ ಬಂದರಿಗೆ ದಿಗ್ಬಂಧನ ಬಿದ್ದಾಗ ನ್ಯೂ ಆರ್ಲಿಯನ್ಸಿಗೆ ಚಿಕೋರಿ ಇನ್ನೂ ಹತ್ತಿರವಾಯಿತು. ಯುದ್ಧ ಮುಗಿಯಿತು, ಕಾಫಿ ಮತ್ತೆ ಬಂತು, ನಾಲಿಗೆ ಮಾತ್ರ ಚಿಕೋರಿಯನ್ನು ಬಿಡಲಿಲ್ಲ. ಕೊರತೆಯ ಕಾಲದಲ್ಲಿ ಮನೆ ಸೇರಿದ್ದು ಕೊರತೆ ತೀರಿದ ಮೇಲೆ ಮನೆಯವರೇ ಆಗಿಬಿಡುತ್ತದೆ. ಬೆಲ್ಲದ ಕಾಫಿಯ ವಿಷಯದಲ್ಲಿ ನನಗೆ ಆದದ್ದೂ ಅದೇ.

ಚಿಕೋರಿಯಲ್ಲಿ ಕೆಫೀನ್ ಇಲ್ಲ. ಬೇರಿನಲ್ಲಿರುವ ಇನುಲಿನ್ ಎಂಬ ಪಿಷ್ಟದಂಥ ವಸ್ತು ಹುರಿದಾಗ ಸುಟ್ಟ ಸಕ್ಕರೆಯ ರುಚಿ ತಾಳುತ್ತದೆ, ನೀರಿನಲ್ಲಿ ಚೆನ್ನಾಗಿ ಕರಗಿ ಡಿಕಾಕ್ಷನ್ನಿಗೆ ಮಂದತನ ಕೊಡುತ್ತದೆ. ಬೆರಕೆ ಎಂದು ಅದನ್ನು ಹೀಗಳೆಯುವವರಿದ್ದಾರೆ. ನಾನು ಆ ಗುಂಪಿನವಳಲ್ಲ. ನಮ್ಮಲ್ಲಿ ಪೊಟ್ಟಣದ ಮೇಲೆ ಎಷ್ಟು ಪಾಲು ಎಂದು ಬರೆಯಬೇಕು, ಕಾಫಿ ಕನಿಷ್ಠ ಶೇ. 51 ಇರಬೇಕು ಎಂಬ ನಿಯಮವಿದೆ. ಓದಿ ಕೊಂಡರೆ ಯಾವ ಮೋಸವೂ ಇಲ್ಲ.

ಅದೇ ಊರಿನ ಫ್ರೆಂಚ್ ಕ್ವಾರ್ಟರ್ ಎಂಬ ಹಳೆಯ ಪೇಟೆಯಲ್ಲಿ ಒಂದು ಮಧ್ಯಾಹ್ನ ನಡೆದು ದಣಿದು ಒಂದು ಚಿಕ್ಕ ಬಾರಿನ ನೆರಳಿಗೆ ಹೋದೆವು. ಅಲ್ಲಿ ಲೋಟವನ್ನು ಕೈಯಲ್ಲಿ ಹಿಡಿದು ಬೀದಿಯಲ್ಲಿ ಕುಡಿಯುತ್ತ ನಡೆಯುವುದಕ್ಕೆ ಅಡ್ಡಿಯಿಲ್ಲ, ಪ್ಲಾಸ್ಟಿಕ್ ಲೋಟ ಆಗಿರಬೇಕು ಅಷ್ಟೆ. ಮಗಳು ನನ್ನ ಕೈಗಿತ್ತದ್ದು ಫ್ರೋಜನ್ ಐರಿಶ್ ಕಾಫಿ. ತೆಳುಗಂದು ಬಣ್ಣದ, ಚಮಚಕ್ಕೂ ಸ್ಟ್ರಾಗೂ ನಡುವಿನ ಹದದ ಒಂದು ಮಂಜು, ಮೇಲೆ ಚಿಟಿಕೆ ಕಾಫಿ ಪುಡಿ. ಮೊದಲು ತಂಪು, ಆಮೇಲೆ ಸಿಹಿ, ಆಮೇಲೆ ಕಾಫಿಯ ಕಹಿ, ಕೊನೆಗೆ ಗಂಟಲ ಕೆಳಗೆ ಎಲ್ಲೋ ಮದ್ಯದ ಸಣ್ಣ ಬಿಸಿ. ಆ ಬಿಸಿ ನನಗೆ ಪರಿಚಯದ್ದು. ಜಗಲಿಯಲ್ಲಿ ಕೂತ ಅಪ್ಪನ ಲೋಟದ್ದು.

ಐರಿಶ್ ಕಾಫಿ ಹುಟ್ಟಿದ್ದೂ ಮಳೆ ಚಳಿಯಲ್ಲೇ. ಐರ್ಲೆಂಡಿನ ಲಿಮರಿಕ್ ಜಿಲ್ಲೆಯ ಫೊಯ್ನ್ಸ್ ಎಂಬಲ್ಲಿ ನೀರಿನ ಮೇಲಿಳಿಯುವ ವಿಮಾನಗಳ ನಿಲ್ದಾಣವಿತ್ತು. ಅಟ್ಲಾಂಟಿಕ್ ದಾಟುವವರು ಅಲ್ಲಿ ತಂಗುತ್ತಿದ್ದರು. 1943ರ ಚಳಿಗಾಲದ ಒಂದು ರಾತ್ರಿ ಹವೆ ಕೆಟ್ಟು ವಿಮಾನ ಹಿಂದಿರುಗಿದಾಗ, ನಡುಗುತ್ತಿದ್ದ ಪ್ರಯಾಣಿಕರಿಗೆಂದು ಅಡುಗೆಯ ಜೋ ಶೆರಿಡನ್ ಕಾಫಿಗೆ ವಿಸ್ಕಿ ಬೆರೆಸಿ ಮೇಲೆ ಕೆನೆ ಹಾಕಿ ಕೊಟ್ಟರಂತೆ. 1952ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಬ್ಯೂನಾ ವಿಸ್ಟಾ ಎಂಬ ಕೆಫೆಗೆ ಅದನ್ನು ಕೊಂಡೊಯ್ದವರು ಸ್ಟಾಂಟನ್ ಡೆಲಾಪ್ಲೇನ್ ಎಂಬ ಪತ್ರಕರ್ತರು. ಮಾಲೀಕರೂ ಅವರೂ ಸೇರಿ ಎಷ್ಟು ಸಲ ಮಾಡಿದರೂ ಕೆನೆ ತೇಲದೆ ಮುಳುಗುತ್ತಿತ್ತು. ಎರಡು ದಿನ ಇಟ್ಟ ಕೆನೆಯನ್ನು ಹದವಾಗಿ ಕಡೆದರೆ ತೇಲುತ್ತದೆ ಎಂದು ಕೊನೆಗೆ ಕಂಡುಕೊಂಡರು. ಮೊಸರು ಕಡೆಯುವ ಮನೆಗಳ ಹೆಂಗಸರನ್ನು ಕೇಳಿದ್ದರೆ ಅಂದೇ ಗೊತ್ತಾಗುತ್ತಿತ್ತು. ಅಂತೂ ಚಳಿಗೆಂದು ಹುಟ್ಟಿದ ಆ ಪಾನೀಯ ಸೆಖೆಯ ಊರಿಗೆ ಬಂದು ಮಂಜಾಯಿತು. ಪಾನೀಯವನ್ನು ಮಂಜಾಗಿಸುವ ಯಂತ್ರಗಳು ಆಗಲೇ ಬಂದಿದ್ದವು. 1971ರಲ್ಲಿ ಡಲ್ಲಾಸಿನ ಹೋಟೆಲಿಗ ಮರಿಯಾನೊ ಮಾರ್ಟಿನೆಜ್ ಐಸ್‌ಕ್ರೀಮ್ ಯಂತ್ರವೊಂದನ್ನು ಮಾರ್ಪಡಿಸಿ ಮಾರ್ಗರಿಟಾ ತಿರುಗಿಸಿದರು. ಆ ಯಂತ್ರ ಈಗ ವಾಷಿಂಗ್ಟನ್ನಿನ ವಸ್ತುಸಂಗ್ರಹಾಲಯದಲ್ಲಿದೆ. ಬಾರುಗಳ ಗೋಡೆಯ ಮೇಲೆ ಇಂದು ಹಗಲಿರುಳು ತಿರುಗುವ ಬಣ್ಣಬಣ್ಣದ ಯಂತ್ರಗಳು ಅದರ ಸಂತತಿ.

ಮುಂದಿನ ವರ್ಷ, 2016ರ ಏಪ್ರಿಲಿನಲ್ಲಿ, ಬೆಂಗಳೂರು 39.2 ಡಿಗ್ರಿ ಕಂಡಿತು. ಆ ವಾರ ನಾನು ಮೊದಲ ಬಾರಿ ಮನೆಯಲ್ಲಿ ಫ್ರೋಜನ್ ಕಾಫಿ ಮಾಡಲು ಹೊರಟೆ. ಗಟ್ಟಿ ಡಿಕಾಕ್ಷನ್, ಹಾಲು, ಸಕ್ಕರೆ, ರಮ್, ಟ್ರೇ ತುಂಬ ಐಸು. ಎಲ್ಲವನ್ನೂ ಜಾರಿಗೆ ಹಾಕಿ ಎರಡು ನಿಮಿಷ ತಿರುಗಿಸಿದೆ. ಲೋಟಕ್ಕೆ ಸುರಿಯುವಾಗಲೇ ಅದು ನೀರು. ಕಾಫಿಯ ಲೋಟ ತೊಳೆದ ನೀರಿನ ಬಣ್ಣ, ಅದೇ ರುಚಿ. ಯಜಮಾನರು ಪೂರ್ತಿ ಕುಡಿದರು, ಏನೂ ಹೇಳಲಿಲ್ಲ. ಒಳ್ಳೆಯ ಕಾಫಿಯನ್ನು ಹಾಳು ಮಾಡಿದ ದುಃಖ ನನಗೆ ಎರಡು ದಿನ ಇತ್ತು. ಕಾಫಿ ತೋಟದ ಮಕ್ಕಳಿಗೆ ಕಾಫಿ ಚೆಲ್ಲುವುದು ಅನ್ನ ಚೆಲ್ಲಿದಷ್ಟೇ ನೋವು.

ತಪ್ಪು ಎಲ್ಲಿ ಎಂದು ಯೋಚಿಸಿದೆ. ತಪ್ಪು ಐಸಿನದು. ನಾವು ಐಸನ್ನು ತಂಪಿನ ಸಾಧನ ಎಂದುಕೊಳ್ಳುತ್ತೇವೆ, ಅದೂ ಒಂದು ಪದಾರ್ಥ ಎಂಬುದನ್ನು ಮರೆಯುತ್ತೇವೆ. ಲೋಟದ ಅರ್ಧ ಭಾಗ ಐಸಾದರೆ ಲೋಟದ ಅರ್ಧ ಭಾಗ ನೀರು.

ಐಸು ಅಪರೂಪವಾಗಿದ್ದ ಕಾಲದಲ್ಲಿ ಯಾರೂ ಅದನ್ನು ಹೀಗೆ ಮರೆಯುತ್ತಿರಲಿಲ್ಲ. 1833ರಲ್ಲಿ ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ ಟಸ್ಕನಿ ಎಂಬ ಹಡಗಿಗೆ ಸುಮಾರು 180 ಟನ್ ಐಸು ತುಂಬಿಸಿ ಕಲ್ಕತ್ತೆಗೆ ಕಳಿಸಿದ. ಮ್ಯಾಸಚೂಸೆಟ್ಸಿನ ಚಳಿಗಾಲದ ಕೆರೆಗಳಿಂದ ಕೊಯ್ದ ಐಸು. ನಾಲ್ಕು ತಿಂಗಳು ಕಡಲಲ್ಲಿ ಕಳೆದು, ಸಮಭಾಜಕ ವೃತ್ತವನ್ನು ಎರಡು ಬಾರಿ ದಾಟಿ ಹೂಗ್ಲಿ ತಲುಪಿದಾಗ 100 ಟನ್ನಿನಷ್ಟು ಉಳಿದಿತ್ತು. ಮದರಾಸಿನಲ್ಲೂ ಆ ಐಸಿಗೆಂದು ಸಮುದ್ರದ ದಂಡೆಯಲ್ಲಿ ಒಂದು ದುಂಡನೆಯ ಮನೆ ಕಟ್ಟಿದರು. ಸ್ವಾಮಿ ವಿವೇಕಾನಂದರು 1897ರಲ್ಲಿ ತಂಗಿದ್ದದ್ದು ಅದೇ ಕಟ್ಟಡದಲ್ಲಿ. ಈಗ ಅದು ಅವರ ಹೆಸರಿನ ಸ್ಮಾರಕ. ಚೆನ್ನೈಗೆ ಹೋದಾಗಲೆಲ್ಲ ಬಸ್ಸಿನ ಕಿಟಕಿಯಿಂದ ಅದನ್ನು ನೋಡುತ್ತೇನೆ. ಒಂದು ಗಡ್ಡೆ ಐಸಿಗಾಗಿ ಮನುಷ್ಯ ಎಷ್ಟು ದೂರ ಹೋದ! ಫ್ರೀಜರಿನಲ್ಲಿ ಪುಕ್ಕಟೆ ಸಿಗುವ ನಮಗೆ ಅದರ ಬೆಲೆ ಗೊತ್ತಾಗುವುದು ಅದು ಕರಗಿ ಕಾಫಿಯನ್ನು ಕೆಡಿಸಿದಾಗ.

ಹಾಗಾದರೆ ಐಸೇ ಕಾಫಿಯಾಗಲಿ ಎಂದುಕೊಂಡೆ. ಮೊದಲನೇ ಡಿಕಾಕ್ಷನ್ನನ್ನು ಹೆಪ್ಪುಗಟ್ಟಿಸಲು ಮನಸ್ಸು ಬರಲಿಲ್ಲ; ಘಮ ಇರುವುದೆಲ್ಲ ಅದರಲ್ಲಿ, ಅದು ದ್ರವವಾಗಿಯೇ ಲೋಟಕ್ಕೆ ಬರಬೇಕು. ಚರಟ ಇನ್ನೂ ಬಿಸಿಯಾಗಿತ್ತು. ಕೈ ತಾನಾಗಿಯೇ ಅಮ್ಮನ ಕೈಯಂತೆ ಕೆಟಲಿನ ಕಡೆ ಹೋಯಿತು. ಎರಡನೇ ನೀರು ಹೊಯ್ದೆ. ಇಳಿದದ್ದನ್ನು ಆರಿಸಿ ಟ್ರೇಗೆ ತುಂಬಿಟ್ಟೆ. ಮರುದಿನದ ಲೋಟದಲ್ಲಿ ಕರಗುವ ಹನಿ ಹನಿಯೂ ಕಾಫಿಯೇ ಆಗಿತ್ತು. ತೆಳುವಾದದ್ದೇ ಆದರೂ ಕಾಫಿ. ಕೊನೆಯ ಗುಟುಕಿನವರೆಗೆ ರುಚಿ ಇಳಿಯಲಿಲ್ಲ. ಅಷ್ಟು ವರ್ಷ ಒಲೆಯ ಪಕ್ಕ ನಿಂತು ಅಮ್ಮ ಕುಡಿದ ಆ ಕಾಫಿಗೆ ಅದರದೇ ಆದ ಜಾಗ ಸಿಕ್ಕಿತು. ಮೂರನೇ ನೀರು ಮಾತ್ರ ಬೇಡ. ಅದರಲ್ಲಿ ಕಹಿ ಬಿಟ್ಟು ಬೇರೇನೂ ಇರುವುದಿಲ್ಲ.

ಇನ್ನು ಹದದ ಮಾತು. ಅಡುಗೆಮನೆಯಲ್ಲಿ ಹದವೆಂಬುದು ಅರ್ಧ ಕೈ, ಅರ್ಧ ಕಾರಣ. ಶುದ್ಧ ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ. ಅದಕ್ಕೆ ಸಕ್ಕರೆ ಸೇರಲಿ, ಮದ್ಯ ಸೇರಲಿ, ಹೆಪ್ಪುಗಟ್ಟುವ ಬಿಂದು ಕೆಳಗಿಳಿಯುತ್ತದೆ. ಜಾತ್ರೆಯಲ್ಲಿ ಕುಲ್ಫಿಯವನು ಗಡಿಗೆಯ ಐಸಿಗೆ ಉಪ್ಪು ಹಾಕುವುದು ಈ ಕಾರಣಕ್ಕೇ: ಐಸು ಕರಗುತ್ತಲೇ ಸೊನ್ನೆಗಿಂತ ತಣ್ಣಗಾಗುತ್ತದೆ. ನಮ್ಮ ಲೋಟದ ಮಂಜಿನಲ್ಲೂ ಸಣ್ಣ ಐಸಿನ ಹರಳುಗಳು, ಅವುಗಳ ನಡುವೆ ಹೆಪ್ಪುಗಟ್ಟದ ಸಿಹಿ ದ್ರವ, ಎರಡೂ ಒಟ್ಟಿಗೆ ಇರುತ್ತವೆ. ಮನೆಯ ಫ್ರೀಜರ್ ಸುಮಾರು ಮೈನಸ್ 18 ಡಿಗ್ರಿ ಇರುತ್ತದೆ. ನಮ್ಮಲ್ಲಿ ಸಿಗುವ ಶೇ. 42.8ರ ರಮ್ ಅದರಲ್ಲಿ ಗಟ್ಟಿಯಾಗದು, ಪಾಕದ ಹಾಗೆ ಮಂದವಾಗುತ್ತದೆ ಅಷ್ಟೆ. ಆದ್ದರಿಂದ ರಮ್ ಹೆಚ್ಚಾದರೆ ಮಂಜು ನಿಲ್ಲುವುದಿಲ್ಲ. ಹೆಚ್ಚು ಮದ್ಯ ಸುರಿದವನಿಗೆ ಒಳ್ಳೆಯ ಫ್ರೋಜನ್ ಕಾಫಿ ಸಿಗದು ಎಂಬುದು ಭೌತಶಾಸ್ತ್ರದ ನಿಯಮ. ಅಪ್ಪನ ಒಂದು ಮುಚ್ಚಳದ ಅಳತೆಯಲ್ಲಿ ಎಷ್ಟು ವಿವೇಕವಿತ್ತು ಎಂದು ಈಗ ಅರ್ಥವಾಗುತ್ತದೆ. ಈ ಲೋಟದಲ್ಲಿ ಕಾಫಿ ಮನೆಯ ಯಜಮಾನಿ, ರಮ್ ನೆಂಟ. ನಾನು ಹೇಳಬೇಕಾದ್ದರಲ್ಲಿ ಮುಖ್ಯವಾದದ್ದು ಇದೇ.

ತಣ್ಣಗಾದಷ್ಟೂ ನಾಲಿಗೆಗೆ ಸಿಹಿ ಕಡಿಮೆ ತಿಳಿಯುತ್ತದೆ. ಕರಗಿದ ಐಸ್‌ಕ್ರೀಮ್ ಬಾಯಿಗಿಟ್ಟವರಿಗೆ ಇದು ಗೊತ್ತು. ಗಟ್ಟಿಯಿದ್ದಾಗ ಹಿತವಾಗಿದ್ದದ್ದು ಕರಗಿದರೆ ಅತಿ ಸಿಹಿ. ಘಮವೂ ಹಾಗೆಯೇ, ತಂಪಿನಲ್ಲಿ ಮೇಲೇಳುವುದಿಲ್ಲ. ಹಾಗಾಗಿ ಬಿಸಿ ಕಾಫಿಯಲ್ಲಿ ಬಾಯಿ ಕಟ್ಟುವಷ್ಟು ಗಟ್ಟಿ, ಅತಿಯೆನಿಸುವಷ್ಟು ಸಿಹಿ ಬೇಕು. ಪುಡಿಯಲ್ಲಿ ಮೂರು ಪಾಲು ಅರೇಬಿಕಾ ಇರಲಿ, ಒಂದು ಪಾಲು ರೋಬಸ್ಟಾ ಇರಲಿ. ರೋಬಸ್ಟಾದ ಒರಟುತನ ಚಳಿಯನ್ನು ದಾಟಿ ನಾಲಿಗೆ ಮುಟ್ಟುತ್ತದೆ. ಚಿಕೋರಿ ಶೇ. 15 ಸಾಕು. ಹಾಲಿನ ಕಾಫಿಗೆ ಒಪ್ಪುವ ಶೇ. 40ರ ಪುಡಿ ಇಲ್ಲಿ ಸುಟ್ಟ ಬೆಲ್ಲದಂತಾಗಿ ಕಾಫಿಯನ್ನು ಮುಚ್ಚಿಬಿಡುತ್ತದೆ. ಬೆಲ್ಲ ಬೇಕಿದ್ದರೆ ಬೆಲ್ಲವನ್ನೇ ಹಾಕೋಣ. ಕುದಿಯುವ ಹಾಲಿಗೆ ಬೆಲ್ಲ ಹಾಕಿದರೆ ಒಡೆಯುವ ಭಯ, ಇಲ್ಲಿ ಎಲ್ಲವೂ ತಣ್ಣಗಿರುವುದರಿಂದ ಆ ಚಿಂತೆಯಿಲ್ಲ. ಬೆಲ್ಲಕ್ಕೆ ಸಮತೂಕ ನೀರು ಹಾಕಿ ಕಾಯಿಸಿ, ಸೋಸಿ, ಸೀಸೆಗೆ ತುಂಬಿ ಫ್ರಿಜ್ಜಿನಲ್ಲಿಟ್ಟರೆ ವಾರ ಬರುತ್ತದೆ.

ಮಿಕ್ಸಿಯ ಬಗ್ಗೆ ಎರಡು ಮಾತು ಹೇಳದಿದ್ದರೆ ಅದಕ್ಕೆ ಅನ್ಯಾಯ. ಪಶ್ಚಿಮದ ಬ್ಲೆಂಡರ್ ಹುಟ್ಟಿದ್ದೇ ಪಾನೀಯಕ್ಕಾಗಿ. ಅಮೆರಿಕದ ವಿಸ್ಕಾನ್ಸಿನ್ನಿನ ಸ್ಟೀಫನ್ ಪಾಪ್ಲಾವ್‌ಸ್ಕಿ 1922ರಲ್ಲಿ ಅದನ್ನು ರೂಪಿಸಿದ್ದು ಸೋಡಾ ಅಂಗಡಿಗಳ ಮಾಲ್ಟ್ ಹಾಲು ಕಡೆಯುವುದಕ್ಕೆ. ನಮ್ಮ ಮಿಕ್ಸಿಯ ಜನ್ಮ ಬೇರೆ. ಪತ್ನಿ ಮಾಧುರಿ ಅವರ ವಿದೇಶಿ ಯಂತ್ರ ನಮ್ಮ ಅಡುಗೆಯ ರುಬ್ಬುವಿಕೆಗೆ ತಾಳದೆ ಕೆಟ್ಟಾಗ, ಎಂಜಿನಿಯರ್ ಸತ್ಯಪ್ರಕಾಶ್ ಮಾಥುರ್ ಹೆಚ್ಚು ಬಲದ ಮೋಟಾರು ಕೂಡಿಸಿ 1963ರಲ್ಲಿ ಸುಮೀತ್ ಮಿಕ್ಸಿ ತಂದರು. ಒಣಮೆಣಸಿನಕಾಯಿ, ಕೊಬ್ಬರಿ, ನೆನೆದ ಅಕ್ಕಿ ಅರೆಯಲು ಹುಟ್ಟಿದ ಯಂತ್ರಕ್ಕೆ ಐಸು ದೊಡ್ಡ ಸವಾಲಲ್ಲ. ಆದರೆ ಅದೇ ಬಲ ಇಲ್ಲಿ ಅಪಾಯ ಕೂಡ. ಹೆಚ್ಚು ಹೊತ್ತು ತಿರುಗಿದರೆ ಜಾರು ಬಿಸಿಯಾಗಿ ಮಂಜು ಕರಗುತ್ತದೆ. ಗುಂಡಿಯನ್ನು ಹಿಂದಕ್ಕೆ ತಿರುಗಿಸಿ ಬಿಟ್ಟು ಬಿಟ್ಟು ಓಡಿಸಬೇಕು, ಚಟ್ನಿಗೆ ಮಾಡುವ ಹಾಗೆ. ಜಾರನ್ನು ಮೊದಲೇ ಹತ್ತು ನಿಮಿಷ ಫ್ರೀಜರಿನಲ್ಲಿಡುವುದು ಒಳ್ಳೆಯದು. ಮತ್ತು ಮುಚ್ಚಳದ ರಬ್ಬರ್ ವಾಷರ್! ಬೆಳ್ಳುಳ್ಳಿ ಚಟ್ನಿಯ ವಾಸನೆಯನ್ನು ಅದು ಎಷ್ಟು ತೊಳೆದರೂ ಬಿಡುವುದಿಲ್ಲ. ನಾನು ಕಾಫಿಗೆಂದೇ ಬೇರೆ ವಾಷರ್ ಇಟ್ಟುಕೊಂಡಿದ್ದೇನೆ. ಇಪ್ಪತ್ತು ಮೂವತ್ತು ರೂಪಾಯಿಯ ವಸ್ತು, ಅದರಿಂದ ಆಗುವ ಉಪಕಾರ ದೊಡ್ಡದು. ಬಿಸಿ ಡಿಕಾಕ್ಷನ್ ಮಾತ್ರ ಎಂದೂ ಮುಚ್ಚಿದ ಜಾರಿಗೆ ಹಾಕಬೇಡಿ. ಹಬೆ ಮುಚ್ಚಳವನ್ನು ಎತ್ತಿ ಎಸೆದು ಕೈ ಸುಡುತ್ತದೆ.

ಇಬ್ಬರಿಗೆ ನಾನು ಮಾಡುವುದು ಹೀಗೆ. ಜಾರಿಗೆ ಮೊದಲು ದ್ರವಗಳು: ತಣ್ಣಗಾದ ಮೊದಲನೇ ಡಿಕಾಕ್ಷನ್ 60 ಮಿಲಿ, ಗಟ್ಟಿ ಹಾಲು 60 ಮಿಲಿ, ಬೆಲ್ಲದ ಪಾಕ 45 ಮಿಲಿ, ರಮ್ 60 ಮಿಲಿ, ಒಂದು ಚಿಟಿಕೆ ಉಪ್ಪು. ಆಮೇಲೆ ಎರಡನೇ ಡಿಕಾಕ್ಷನ್ನಿನ ಬಿಲ್ಲೆ ಹನ್ನೆರಡು. ಬಿಟ್ಟು ಬಿಟ್ಟು ಅರ್ಧ ನಿಮಿಷ. ಕಟಕಟ ಸದ್ದು ಹೋಗಿ ಸುಯ್ಯನೆ ಒಂದೇ ಸದ್ದು ಬಂದರೆ ಮುಗಿಯಿತು. ಹದ ಇಡ್ಲಿ ಹಿಟ್ಟಿನದು. ಸೌಟಿನಿಂದ ಬಿಟ್ಟರೆ ಬೀಳಬೇಕು, ಹರಿಯಬಾರದು. ನೀರಾದರೆ ಇನ್ನೆರಡು ಬಿಲ್ಲೆ, ಕಲ್ಲಾದರೆ ಒಂದು ಚಮಚ ಹಾಲು. ಫ್ರೀಜರಿನಲ್ಲಿ ತಣಿದ ಸ್ಟೀಲ್ ಲೋಟಕ್ಕೆ ಸುರಿದು ಮೇಲೆ ಚಿಟಿಕೆ ಕಾಫಿ ಪುಡಿ ಉದುರಿಸಬೇಕು. ತಂಪು ನುಂಗಿದ ಘಮವನ್ನು ಮೂಗಿಗೆ ಹಿಂದಿರುಗಿಸುವುದು ಆ ಪುಡಿಯೇ. ಗಾಜಿನ ಚಂದದ ಲೋಟಗಳಿಗಿಂತ ನನಗೆ ಸ್ಟೀಲಿನದೇ ಇಷ್ಟ. ಹೊರಗೆ ಹನಿ ಕೂಡುವುದು, ಬೆರಳು ಜುಮ್ಮೆನ್ನುವುದು, ತುಟಿಗೆ ಅಂಚು ತಾಗುವುದು, ಎಲ್ಲವೂ ಅದರಲ್ಲಿ ಹೆಚ್ಚು.

ರಮ್ಮಿನ ಬದಲು ವಿಸ್ಕಿ ಹಾಕಬಹುದು, ಬ್ರಾಂದಿ ಹಾಕಬಹುದು. ಕಾಫಿ ಲಿಕರ್ ಎಂಬ ಸಿಹಿ ಮದ್ಯವೂ ಸಿಗುತ್ತದೆ. ಅದನ್ನು ಹಾಕಿದರೆ ಪಾಕ ಕಡಿಮೆ ಮಾಡಬೇಕು. ಎಲ್ಲವನ್ನೂ ಮಾಡಿ ನೋಡಿದ ಮೇಲೆ ನಾನು ರಮ್ಮಿಗೇ ಮರಳಿದ್ದೇನೆ. ಬೆಲ್ಲ ಇರುವ ಕಡೆ ಅದು ಹೊರಗಿನದೆನಿಸುವುದಿಲ್ಲ.

ಒಂದು ಎಚ್ಚರಿಕೆಯನ್ನು ಗಂಭೀರವಾಗಿ ಹೇಳಬೇಕು. ಮೇಲಿನ ಅಳತೆಯಲ್ಲಿ ಮದ್ಯಸಾರ ಶೇ. 5ರಿಂದ 6ರಷ್ಟಾಗುತ್ತದೆ, ಬಿಯರಿನಷ್ಟು. ಆದರೆ ತಂಪು, ಸಿಹಿ, ಹಾಲು ಮೂರೂ ಅದನ್ನು ಮುಚ್ಚುತ್ತವೆ, ಸ್ಟ್ರಾ ಇದ್ದರೆ ಲೋಟ ಐದು ನಿಮಿಷದಲ್ಲಿ ಖಾಲಿ. ಕಾಫಿ ಕುಡಿದರೆ ಅಮಲು ಇಳಿಯುತ್ತದೆ ಎಂಬುದು ತಪ್ಪು ನಂಬಿಕೆ. ಕೆಫೀನ್ ಮಂಪರನ್ನು ಮರೆಸುತ್ತದೆ, ಅಮಲನ್ನು ಇಳಿಸುವುದಿಲ್ಲ. ಎಚ್ಚರವಾಗಿದ್ದೇನೆ ಎಂದುಕೊಂಡವನ ಕೈಕಾಲು ಎಚ್ಚರವಾಗಿರುವುದಿಲ್ಲ. ಕೆಫೀನ್ ಬೆರೆಸಿದ ಡಬ್ಬಿ ಮದ್ಯಗಳ ಬಗ್ಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2010ರ ನವೆಂಬರಿನಲ್ಲಿ ತಯಾರಕರಿಗೆ ಎಚ್ಚರಿಕೆಯ ಪತ್ರ ಬರೆದದ್ದು ಇದೇ ಕಾರಣಕ್ಕೆ. ನಮ್ಮ ಮನೆಯಲ್ಲಿ ಒಬ್ಬರಿಗೆ ಒಂದೇ ಲೋಟ. ಗಾಡಿ ಓಡಿಸಿಕೊಂಡು ಹೋಗಬೇಕಾದವರಿಗೆ ರಮ್ ಇಲ್ಲದ್ದು.

ರಮ್ ಇಲ್ಲದ್ದು ಕಡಿಮೆಯದಲ್ಲ. ಮದ್ಯವಿಲ್ಲದಾಗ ಮಂಜು ಬೇಗ ಕಲ್ಲಾಗುತ್ತದೆ, ಆದ್ದರಿಂದ ಪಾಕವನ್ನು 60 ಮಿಲಿಗೆ ಏರಿಸಬೇಕು, ಹಾಲು ತುಸು ಹೆಚ್ಚಬೇಕು, ಒಂದು ಏಲಕ್ಕಿ ಜಜ್ಜಿ ಹಾಕಬೇಕು. ಸಕಲೇಶಪುರದ ಕಡೆ ಕಾಫಿಯ ನೆರಳಲ್ಲೇ ಏಲಕ್ಕಿ ಬೆಳೆಯುವುದರಿಂದ ಆ ಎರಡರ ಸ್ನೇಹ ಹಳೆಯದು.

ಎರಡು ವರ್ಷದ ಹಿಂದೆ ಏಪ್ರಿಲಿನಲ್ಲಿ ಅಮ್ಮ ಬಂದು ಒಂದು ತಿಂಗಳು ನಮ್ಮಲ್ಲಿದ್ದಳು. ಎಂಬತ್ತು ದಾಟಿದ ಅವಳಿಗೆ ಬೆಂಗಳೂರಿನ ಬಿಸಿಲು ತಡೆಯುತ್ತಿರಲಿಲ್ಲ. ಒಂದು ಮಧ್ಯಾಹ್ನ ಏಲಕ್ಕಿಯದನ್ನು ಮಾಡಿ ಸ್ಟೀಲ್ ಲೋಟದಲ್ಲಿ ಕೊಟ್ಟೆ. ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ತಿಂದಳು. ಕಣ್ಣು ಮುಚ್ಚಿದ್ದಳು. ಇದರಲ್ಲಿ ಏನೇನಿದೆ ಎಂದು ಕೇಳಿದಳು. ಮೊದಲನೇ ಡಿಕಾಕ್ಷನ್, ಹಾಲು, ಬೆಲ್ಲ ಎಂದೆ. ಈ ಐಸಿನ ಹರಳು ಎಂದಳು. ಅದು ಎರಡನೆಯದು ಎಂದೆ. ಅವಳು ಚಮಚವನ್ನು ಲೋಟದಲ್ಲೇ ನಿಲ್ಲಿಸಿ, ಚರಟ ಎಸೆಯಲಿಲ್ಲವಲ್ಲ, ಒಳ್ಳೆಯದು ಮಾಡಿದೆ ಎಂದಳು. ಲೋಟ ಪೂರ್ತಿ ಖಾಲಿ ಮಾಡಿದಳು. ಅವತ್ತು ಅವಳು ಕೂತುಕೊಂಡು ಕುಡಿದಳು, ನಾನು ಒಲೆಯ ಪಕ್ಕ ನಿಂತಿದ್ದೆ.

ನಾಳೆ ಬೆಳಿಗ್ಗೆ ನಿಮ್ಮ ಮನೆಯ ಕಾಫಿ ಆದ ಮೇಲೆ ಚರಟವನ್ನು ಗಿಡದ ಬುಡಕ್ಕೆ ಹಾಕುವ ಮೊದಲು ಇನ್ನೊಮ್ಮೆ ಕುದಿನೀರು ಹೊಯ್ದು ನೋಡಿ. ಇಳಿದದ್ದು ಪೂರ್ತಿ ಆರಲಿ, ಆಮೇಲೆ ಟ್ರೇಗೆ ತುಂಬಿ. ಸಂಜೆಯ ಹೊತ್ತಿಗೆ ಗಟ್ಟಿಯಾಗಿರುತ್ತದೆ.